ಪಕ್ಕದ ಸೀಟಿನವರಿಗೊಂದು ಇಯರ್‌ಫೋನ್

"ಅದೇನ್ ಕೇಳ್ತಿದ್ದೀಯಪ್ಪ, ನಿನ್ ಬೆರಳು ಸುಮ್ಕಿರಾಕಿಲ್ವಲ್ಲ" ಎಂದರು, ಹುಲ್ಲಹಳ್ಳಿ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರು. ನಾನು ಕೇಳುತ್ತಿದ್ದುದು ಡೆತ್ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ಒಂದು ಆಲ್ಬಂ. ಗಾಯಕನ ಘರ್ಜನೆಯ ಅಡಿಯಲ್ಲಿ ಗಿಟಾರು, ಡ್ರಮ್ಮು ತಾಳದ ಲೆಕ್ಕ ಬದಲಿಸುತ್ತ, ಕೂದಲೆಳೆಯಷ್ಟೂ ತಪ್ಪದೆ ಓಡುತ್ತವೆ. ಮನೆಯಲ್ಲಿ ಯಾರಿಗೂ ಸೇರದು. ಒಬ್ಬನೇ ಕೇಳಿ ಕೇಳಿ ಸಾಕಾಗಿತ್ತು. ಒಂದು ಕಡೆಯ ಇಯರ್‌ಫೋನ್ ಅವರಿಗೆ ಕೊಟ್ಟೆ.

ಮುಖ ಸಿಂಡರಿಸಿದರು, ಆದರೆ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ಬರಿಗೈ ಕಂಸಾಳೆಯ ಕಂಚಿನ ತಾಳ ಹಿಡಿದಂತೆ ಬೀಸತೊಡಗಿತು. ಜೊತೆಗಾರನ ತಾಳಕ್ಕೆ ತಾಗಿಸುವಂತೆ ನನ್ನ ಕಡೆ ಬಂದು ಬಂದು ನಿಲ್ಲುತ್ತಿತ್ತು.

"ಕೂಗೋದ್ ಬುಡು. ಬಾರ್ಸೋರು ಒಂದೇ ಊರೋರಾ? ಇಂಗ್ ಕೂಡ್ಬೇಕಾದ್ರೆ ಒಟ್ಗೇ ಉಂಡು ಬೆಳ್ದಿರ್ಬೇಕು."

ಬೇರೆ ಬೇರೆ ದೇಶದವರು, ಅವರವರ ಮನೆಯಲ್ಲೇ ನುಡಿಸಿ ಆಮೇಲೆ ಜೋಡಿಸಿದ್ದು ಎಂದೆ. ಅವರ ಕೈ ನಿಂತಿತು. "ನನ್ ಜೊತೆಗಾರ ತೀರ್ಕಂಡ್ಮೇಲೆ ನಾನು ಕಂಸಾಳೆ ಮುಟ್ನಿಲ್ಲ ಕಣಪ್ಪ" ಎಂದು ಇಯರ್‌ಫೋನ್ ನನ್ನ ಅಂಗೈಗಿಟ್ಟು ನಂಜನಗೂಡಿನಲ್ಲಿ ಇಳಿದುಹೋದರು.

ಈಗ ತಿ. ನರಸೀಪುರಕ್ಕೆ ಕೆಲಸಕ್ಕೆ ಹೋಗುವಾಗಲೂ ಒಂದೇ ಕಿವಿಗೆ ಹಾಕಿಕೊಳ್ಳುತ್ತೇನೆ. ಇನ್ನೊಂದಕ್ಕೆ ಇದುವರೆಗೆ ಯಾರೂ ಕೈ ಚಾಚಿಲ್ಲ. ಅದು ಪಕ್ಕದ ಸೀಟಿನ ಕಡೆ ತೂಗುತ್ತಲೇ ಇರುತ್ತದೆ.