ಮಲಗಿದ ಕಾಲು ಕಳಿಸುವ ಪೊಟ್ಟಣ

ಸೊಂಟದ ಆಪರೇಷನ್ ಮುಗಿದು ಮಣಿಪಾಲದಿಂದ ಕಾಪುವಿನ ಮನೆಗೆ ಬಂದಾಗ ನನ್ನ ಜೊತೆ ಒಂದು ವಾಕರ್ ಕೂಡ ಬಂತು. ದಿನಾ ಎದ್ದು ನಡೆಯಬೇಕು ಎಂದು ಡಾಕ್ಟರು ಹೇಳಿದ್ದರು. ನಾನು ನಡೆಯಲಿಲ್ಲ. ವಾಕರ್ ಕಿಟಕಿಯ ಬಳಿ ನಿಂತಿತು. ಸೊಸೆ ಅದರ ಮೇಲೆ ಮೈ ಒರೆಸುವ ಬೈರಾಸು ಒಣಗಿಸತೊಡಗಿದಳು.

ಹೆದರಿಕೆ. ಬೇರೆ ಕಾರಣ ಹುಡುಕಬೇಕಾಗಿಲ್ಲ. ಮೀನು ತೊಳೆದ ನೀರಿನ ಮೇಲೆ ಕಾಲಿಟ್ಟು ಬಿದ್ದವಳು ನಾನು. ಬಿದ್ದಾಗ ಮೈಯ ಒಳಗಿನಿಂದ ಒಂದು ಶಬ್ದ ಬಂದಿತ್ತು, ಒಣ ಕಟ್ಟಿಗೆ ಮೊಣಕಾಲಿಗೆ ಕೊಟ್ಟು ಮುರಿದ ಹಾಗೆ. ಪಾದ ನೆಲಕ್ಕೆ ತಾಗಿದರೆ ಸಾಕು, ಆ ಶಬ್ದ ಮತ್ತೆ ಕೇಳುತ್ತಿತ್ತು.

ಸೊಸೆಗೆ ಗೊತ್ತಿದ್ದ ಆರೈಕೆ ಒಂದೇ, ಬಾಣಂತನ. ಅವಳು ಹೆತ್ತಾಗ ನಾನು ಅವಳಿಗೆ ಮಾಡಿದ್ದನ್ನೇ ಈಗ ಅವಳು ನನಗೆ ಮಾಡಿದಳು. ಗಾಯದ ಜಾಗ ಬಿಟ್ಟು ಕಾಲಿಗೆಲ್ಲ ಬಿಸಿ ಎಣ್ಣೆ, ಕುಡಿಯಲು ಕರಿಮೆಣಸಿನ ಕಷಾಯ, ಮೇಲೆ ಕಂಬಳಿ. ಕಾಲು ನೆಲಕ್ಕೆ ಇಡುವ ಹಾಗಿಲ್ಲ.

"ಮಾಮಿ, ನೀವು ಏಳ್ಬೇಡಿ. ಎಂತ ಬೇಕು ಹೇಳಿ, ನಾನು ತರ್ತೇನೆ."

ನನಗೂ ಅದೇ ಬೇಕಿತ್ತು. ತಿಕ್ಕಿದಾಗ ಕಾಲು ಬೆಚ್ಚಗಾಗುತ್ತಿತ್ತು. ಕಾಲಿಗೆ ಆಗಬೇಕಾದ ಕೆಲಸ ಆಯಿತು ಎಂದು ಅವಳೂ ನಂಬಿದಳು, ನಾನೂ ನಂಬಿದೆ.

ಆದರೆ ತಿಕ್ಕಿದಷ್ಟೂ ತೊಡೆ ಸಣ್ಣದಾಗುತ್ತಾ ಹೋಯಿತು. ಹಿಡಿದರೆ ಖಾಲಿ ಚೀಲದ ಹಾಗೆ ಚರ್ಮ ಮಾತ್ರ ಕೈಗೆ ಬರುತ್ತಿತ್ತು. ನಾನು ಸೀರೆ ಎಳೆದು ಮುಚ್ಚಿಕೊಂಡೆ. ಅಂಥ ತೊಡೆಯನ್ನು ನಾನು ಮೊದಲೇ ನೋಡಿದ್ದೆ, ಕಾರ್ಕಳದಲ್ಲಿ, ನನ್ನ ಅಕ್ಕನ ಮೈಯಲ್ಲಿ. ಅವಳದ್ದೂ ಸೊಂಟವೇ ಮುರಿದದ್ದು. ಎಲುಬು ಕೂಡಿತ್ತು, ಆದರೆ ಅವಳು ಏಳಲಿಲ್ಲ. ಮೊದಲು ಕಾಲು ಹೋಯಿತು, ಆಮೇಲೆ ಹಸಿವು, ಆಮೇಲೆ ಮಾತು. ಸೊಂಟ ಮುರಿದದ್ದು ಬಾಯಿಗೆ ಹೇಗೆ ಗೊತ್ತಾಯಿತು ಎಂದು ಅಲ್ಲಿದ್ದವರನ್ನೆಲ್ಲ ಕೇಳಿದ್ದೆ. ವಯಸ್ಸಾಯಿತಲ್ಲ ಎಂದರು. ಅದೊಂದು ಉತ್ತರವೇ?

ಒಂದು ಭಾನುವಾರ ಮೊಮ್ಮಗಳು ಬಂದಳು. ಪರ್ಕಳದಲ್ಲಿ ರೂಮು ಮಾಡಿಕೊಂಡು ಮಣಿಪಾಲದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಸ್ನಾಯುವಿನ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವ ಕೆಲಸ. ಕೋಳಿ ಸಾಕುವವರನ್ನು ಕಂಡಿದ್ದೇನೆ, ಬರೀ ಮಾಂಸ ಸಾಕುವವಳು ನೀನೊಬ್ಬಳೇ ಎಂದು ನಾನು ತಮಾಷೆ ಮಾಡುವುದುಂಟು. ಬಂದವಳೇ ವಾಕರ್ ಕಡೆ ನೋಡಿದಳು.

"ಇದು ನಡೀಲಿಕ್ಕೆ ಕೊಟ್ಟದ್ದಾ ಅಜ್ಜಿ, ಬಟ್ಟೆ ಒಣಗಿಸ್ಲಿಕ್ಕಾ?"

"ನಿನ್ನ ಅಮ್ಮ ದಿನಾ ಎಣ್ಣೆ ಹಾಕಿ ತಿಕ್ಕುತ್ತಾಳೆ. ಅದೇ ಸಾಕು."

"ತಿಕ್ಕುವಾಗ ಕೆಲಸ ಮಾಡುದು ಅಮ್ಮನ ತೋಳು, ನಿಮ್ಮ ಕಾಲಲ್ಲ. ಗಟ್ಟಿ ಆಗುದೂ ಅಮ್ಮನೇ."

ಸೊಸೆ ಎಣ್ಣೆಯ ಬಟ್ಟಲನ್ನು ಮಂಚದ ಕೆಳಗೆ ಸರಿಸಿದಳು.

ಮೊಮ್ಮಗಳು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಕಪ್ಪು ಪರದೆ, ಅದರ ತುಂಬಾ ನಡುಗುವ ಬಿಳಿ ಚುಕ್ಕಿಗಳು. ಬಾಗಿಲ ಸಂದಿನ ಬಿಸಿಲಲ್ಲಿ ಧೂಳು ಕುಣಿಯುತ್ತದಲ್ಲ, ಹಾಗೆ.

"ಎಂತ ಇದು, ಹುಳವಾ?"

"ಹುಳ ಅಲ್ಲ ಮಾರಾಯ್ರೆ. ಸ್ನಾಯುವಿನ ಕೋಶ ಹೊರಗೆ ಕಳಿಸುವ ಪೊಟ್ಟಣ. ನೀವು ಕಟ್ತಿದ್ದ ಬೀಡಿಯ ಹಾಗೆ ಅಂತ ತಿಳ್ಕೊಳ್ಳಿ. ಆದ್ರೆ ಎಲೆ ಹೊರಗಿಂದ ತರುದಿಲ್ಲ. ಕೋಶ ತನ್ನ ಮೈಯ ಪೊರೆಯನ್ನೇ ಸ್ವಲ್ಪ ಚಿವುಟಿ ಸುತ್ತುತ್ತದೆ. ಒಳಗೆ ಹೊಗೆಸೊಪ್ಪಿನ ಹುಡಿ ಇಲ್ಲ, ಸುದ್ದಿ ಉಂಟು."

"ಯಾರಿಗೆ ಸುದ್ದಿ?"

"ಪಕ್ಕದ ಕೋಶಕ್ಕೆ. ರಕ್ತದಲ್ಲಿ ಹೋದ್ರೆ ಎಲುಬಿಗೆ, ಲಿವರಿಗೆ. ಮೆದುಳಿಗೂ ಇರ್ಬಹುದು. ಮೈ ದುಡಿದಾಗ ಜಾಸ್ತಿ ಹೋಗ್ತವೆ ಅಂತಾರೆ."

"ಮಲಗಿದ್ರೆ ನಿಲ್ತದಲ್ಲ, ಕಾಲಿಗೂ ರಜೆ ಸಿಕ್ಕಿತು."

"ನಿಲ್ಲುದಿಲ್ಲ ಅಜ್ಜಿ. ಮಲಗಿದ ಸ್ನಾಯುವೂ ಕಳಿಸ್ತದೆ. ಒಳಗೆ ಇರುವಂಥದ್ದು ಬೇರೆ ಆಗ್ತದೆ."

"ಎಂತ ಬೇರೆ?"

"ಇಲಿಗಳಲ್ಲಿ ನೋಡ್ತಾ ಇದ್ದಾರೆ, ಸ್ವಲ್ಪ ಸ್ವಲ್ಪ ಗೊತ್ತುಂಟು. ನಿಮ್ಮ ಕಾಲಿಂದ ಎಂತ ಹೋಗ್ತಾ ಉಂಟು ಅಂತ ನಂಗೆ ಗೊತ್ತಿಲ್ಲ."

ಕಲಿತವಳ ಬಾಯಿಂದ ಗೊತ್ತಿಲ್ಲ ಎಂಬ ಮಾತು ಬಂದರೆ ಹೇಗಿರುತ್ತದೆ ಎಂದು ಆ ದಿನ ತಿಳಿಯಿತು. ನಾನು ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟಿಯೇ ಮುದುಕಿಯಾದವಳು. ಬೀಡಿಯ ಬಾಯಿ ಮಡಚಿ ನೂಲು ಸುತ್ತಿದ ಮೇಲೆ ಒಳಗೆ ಎಂತ ಉಂಟೆಂದು ನೋಡಿದರೆ ಕಾಣುವುದಿಲ್ಲ. ಸೇದಿದವನಿಗೇ ಗೊತ್ತಾಗುವುದು. ಇಲ್ಲಿ ಸೇದುವವರು ಯಾರು? ನನ್ನ ಎಲುಬು, ನನ್ನ ಹೊಟ್ಟೆ, ನನ್ನ ತಲೆ. ನಾನು ಕಂಬಳಿಯೊಳಗೆ ಸುಮ್ಮನೆ ಮಲಗಿದ್ದೇನೆ ಎಂದುಕೊಂಡಿದ್ದೆ. ಕಾಲು ಸುಮ್ಮನಿರಲಿಲ್ಲ.

"ನನ್ನ ಅಕ್ಕನಿಗೆ ಅದೇ ಆದದ್ದಾ?" ಎಂದು ಕೇಳಿದೆ.

"ದೊಡ್ಡಜ್ಜಿಗೆ ಅದರಿಂದಲೇ ಆಯ್ತು ಅಂತ ಹೇಳ್ಲಿಕ್ಕೆ ಆಗುದಿಲ್ಲ."

"ಅಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ?"

ಅವಳು ಮೊಬೈಲು ಮಡಿಲಲ್ಲಿಟ್ಟು ನನ್ನ ಮುಖ ನೋಡಿದಳು.

"ಮುದಿ ಜೀವವನ್ನು ಯಾಕೆ ಹೆದರಿಸ್ತಿ ನೀನು?" ಎಂದು ಸೊಸೆ ಮಗಳಿಗೆ ಬೈದಳು.

"ಹೆದರಿಸ್ಲಿ ಬಿಡು," ಎಂದೆ. "ಆ ಬೈರಾಸು ತೆಗೆ."

ಬಿದ್ದರೆ ಶಬ್ದ ಕೇಳುತ್ತದೆ, ಮನೆಯವರು ಓಡಿ ಬರುತ್ತಾರೆ. ಈ ಪೊಟ್ಟಣದ್ದು ಶಬ್ದವೇ ಇಲ್ಲದೆ ಒಳಗೊಳಗೇ ಸಾಗುವ ವ್ಯಾಪಾರ. ಎರಡರಲ್ಲಿ ನನಗೆ ಇದರದ್ದೇ ಹೆದರಿಕೆ ಹೆಚ್ಚಾಯಿತು, ಅಷ್ಟೇ. ಧೈರ್ಯ ಬಂತು ಎಂದು ಯಾರೂ ತಿಳಿಯಬೇಡಿ.

ಸೊಸೆ ಕಾಲಿಗೆ ಹಚ್ಚಿದ್ದ ಎಣ್ಣೆಯನ್ನು ಪಾದದವರೆಗೆ ಒರೆಸಿದಳು, ಜಾರಬಾರದಲ್ಲ. ಮೊಮ್ಮಗಳು ವಾಕರ್ ಮುಂದೆ ಇಟ್ಟಳು. ನಾನು ಎದ್ದೆ. ಮುರಿಯದ ಕಾಲು ಮೊದಲು ನಡುಗಿತು, ಆಮೇಲೆ ಮುರಿದದ್ದು. ಮೊಬೈಲಿನ ಚುಕ್ಕಿಗಳು ಚರ್ಮದೊಳಗೇ ಬಂದು ಕುಣಿದ ಹಾಗಿತ್ತು. ಸೊಸೆ ಎರಡೂ ಕೈ ಚಾಚಿ ಹಿಂದೆಯೇ ಬಂದಳು, ಮಗು ಮೊದಲ ಸಲ ನಡೆಯುವಾಗ ಬರುವ ಹಾಗೆ.

"ಸಾಕು ಮಾಮಿ, ಇನ್ನು ನಾಳೆ," ಎಂದಳು.

"ಸುಮ್ಮನಿರು. ಮಾತಾಡಿದ್ರೆ ಬೀಳ್ತೇನೆ."

ಹೊಸಿಲು ದಾಟುವಾಗ ಮೊಣಕಾಲು ಒಮ್ಮೆ ಮಡಚಿತು. ಆ ಹಳೆಯ ಶಬ್ದ ಈಗ ಬರುತ್ತದೆ ಎಂದು ಕಣ್ಣು ಮುಚ್ಚಿದೆ. ಬರಲಿಲ್ಲ. ವಾಕರ್ ಸಿಮೆಂಟಿಗೆ ಕಿರ್ರೆಂದಿತು, ಅಷ್ಟೇ. ಜಗಲಿಯ ಕುರ್ಚಿಯ ತನಕ ಹೋಗಿ ಕೂತೆ. ರಸ್ತೆಯಲ್ಲಿ ಮೀನಿನವಳ ರಿಕ್ಷಾ ಹೋಯಿತು. ತೊಡೆಯ ಮೇಲೆ ಅಂಗೈ ಇಟ್ಟೆ. ಇನ್ನೂ ನಡುಗುತ್ತಿತ್ತು. ಈಗ ಎಂತ ಕಟ್ಟಿ ಕಳಿಸುತ್ತಿದೆಯೋ, ಒಳ್ಳೆಯದೋ ಕೆಟ್ಟದೋ, ಕೇಳೋಣವೆಂದರೆ ಅದಕ್ಕೆ ಬಾಯಿಲ್ಲ.

"ಹೇಗಾಯ್ತು ಅಜ್ಜಿ?" ಎಂದಳು ಮೊಮ್ಮಗಳು.

ನಾನು ಒಳಗೆ ನೋಡಿದೆ. ಹೊಸಿಲು ಅಲ್ಲೇ ಇತ್ತು, ಅದರ ಆಚೆ ಮಂಚ. ವಾಪಸು ಹೋಗಲಿಕ್ಕೂ ಇದೇ ಕಾಲು.

"ಸ್ವಲ್ಪ ನಿಲ್ಲು," ಎಂದೆ. "ಹೆದ್ರಿಕೆ ಆಗ್ತದೆ. ಆದ್ರೂ ಹೋಗುವ."