ಅರ್ಧ ಲೋಟ ಕಾಫಿ

ನೌಕಾಪಡೆಯಿಂದ ನಿವೃತ್ತರಾಗಿ ಬಂದ ನಮ್ಮ ಪಕ್ಕದ ಮನೆಯವರು ಮುಳಬಾಗಿಲಿನಲ್ಲಿ ಸಮುದ್ರ ಭದ್ರತೆಯ ಅಧ್ಯಯನ ಕೇಂದ್ರವೊಂದನ್ನು ತೆರೆದರು. ಎಂಬತ್ತರ ದಶಕದ ಮಾತು. ದೆಹಲಿಗೆ ಸಲಹೆ ಬರೆದು ಕಳಿಸುವುದು ಅದರ ಕೆಲಸ. ಸಮುದ್ರವನ್ನೇ ಕಾಣದ ನಾನು ಕಾರ್ಯದರ್ಶಿ. ಊರೆಲ್ಲ ನಕ್ಕಿತು.

ಕಾಫಿಯನ್ನು ಅವರು ಯಾವಾಗಲೂ ಅರ್ಧ ಲೋಟವೇ ಹಾಕಿಸಿಕೊಳ್ಳುತ್ತಿದ್ದರು. ಹಡಗು ವಾಲಿದಾಗ ತುಂಬಿದ ಲೋಟ ಚೆಲ್ಲುತ್ತದೆ; ಆ ಅಭ್ಯಾಸ ಊರಿಗೆ ಬಂದ ಮೇಲೂ ಹೋಗಲಿಲ್ಲ. “ಎಲ್ಲಾರ ಕಣ್ಣೂ ಬೆಟ್ಟದ ಗಡಿ ಮೇಲಿದೆ. ಬೆನ್ನ ಹಿಂದೆ ನೀರಿದೆ ಕಣಪ್ಪ” ಎಂದು ಮತ್ತೆ ಮತ್ತೆ ಹೇಳುತ್ತಿದ್ದರು.

ಒಮ್ಮೆ ಅವರ ಭಾಷಣದ ನಡುವೆ ಬೈರಕೂರಿನ ರೈತರೊಬ್ಬರು ಎದ್ದು ನಿಂತರು. “ನಮ್ ಕೆರೇಲೇ ನೀರಿಲ್ಲ ಸಾರ್, ಸಮುದ್ರ ಕಾಯೋದ್ಯಾಕೆ?”

“ನಿಮ್ ಪಂಪಿನ ಡೀಸೆಲ್ಲು ಅದ್ರ ಮೇಲೇ ಬರೋದಣ್ಣ” ಎಂದರು. ರೈತರ ಮಾತಿಗೆ ಎದ್ದ ನಗುವಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಮುಂದಿನ ಸಭೆಗೆ ನಾನೊಬ್ಬನೇ ಹೋಗಿದ್ದೆ. ಆದರೂ ಅವರು ನಿಂತುಕೊಂಡೇ ಪೂರ್ತಿ ಭಾಷಣ ಮಾಡಿದರು.

ಅವರ ತಿಥಿಯ ದಿನ ಹೆಂಡತಿ ಫೋಟೋದ ಮುಂದೆ ಕಾಫಿ ಇಟ್ಟರು.

“ತುಂಬ ಹಾಕಿ ಅತ್ತಿಗೆ, ಎಡೆಗೆ ಅರ್ಧ ಇಡಬಾರ್ದು” ಎಂದರು ಗಂಡನ ತಂಗಿ.

“ಬೇಡಮ್ಮ, ಚೆಲ್ಲಿಬಿಡುತ್ತೆ.”