ಸೂಗಮ್ಮ ಕಳಿಸಿದ ಮನಿಯಾರ್ಡರು

ತೆಲುಗು ಸೀಮೆಯ ದೊಡ್ಡ ಶಹರದ ಮಾದಾಪುರದಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದಾಗ ಸೂಗಮ್ಮ ಅಲ್ಲಿ ಸಿಮೆಂಟಿನ ಬುಟ್ಟಿ ಹೊರುತ್ತಿದ್ದಳು. ಶಹಾಪುರದ ಕಡೆಯವಳು. ಕುಡಿದು ಬಡಿಯುತ್ತಿದ್ದ ಗಂಡನ ಕೈಯಿಂದ ಒಂದು ದಿನ ಬಡಿಗೆ ಕಸಿದು, ತಿರುಗಿ ಬಡಿದು, ಅದೇ ಶಹರದ ಸನತ್‌ನಗರದ ತಗಡಿನ ಶೆಡ್ಡು ಸೇರಿದ್ದಳು. ಊರಲ್ಲಿ ಅವಳ ಅಣ್ಣ ಅಮರಯ್ಯ, "ನಮ್ಮ ಪಾಲಿಗೆ ಆಕಿ ಸತ್ತಾಳ" ಎಂದು ತಿಥಿಯ ಊಟವನ್ನೂ ಹಾಕಿಸಿಬಿಟ್ಟ.

ಸುದ್ದಿ ಕಿವಿಗೆ ಬಿದ್ದ ವಾರವೇ ಸೂಗಮ್ಮ ಅಣ್ಣನ ಮನೆಯಲ್ಲಿದ್ದ ಅವ್ವನ ಹೆಸರಿಗೆ ಮನಿಯಾರ್ಡರು ಮಾಡಿದಳು. ಅವ್ವನ ಮೇಲಿನ ಕರುಳಿಗಿಂತ, ಟಪಾಲಿನವನು ಅಣ್ಣನ ಕಟ್ಟೆಯ ಮುಂದೆ ನಿಂತು ಓಣಿಗೆಲ್ಲ ಕೇಳುವಂತೆ ಕಳಿಸಿದವಳು ಸೂಗಮ್ಮ ಎಂದು ಕೂಗಬೇಕೆಂಬ ಹಟವೇ ಹೆಚ್ಚಾಗಿತ್ತು.

ಹಣ ವಾಪಸು ಬಂತು. ಅಮರಯ್ಯ ಬಾಗಿಲಲ್ಲೇ ಬೇಡವೆಂದಿದ್ದ. ಸೂಗಮ್ಮ ಅದನ್ನು ಎಣಿಸಲೂ ಇಲ್ಲ, ಪೋಸ್ಟಾಫೀಸಿನ ಅದೇ ಕಿಟಕಿಗೆ ತಳ್ಳಿದಳು. "ಮತ್ತ ಬರೀರಿ. ಅದ ಹೆಸರು, ಅದ ಊರು."

"ಮಳ್ಳೀನಾ?" ಮತ್ತೊಮ್ಮೆಯಾ ಎಂದು ತೆಲುಗಿನಲ್ಲಿ ಗೊಣಗಿದ ಗುಮಾಸ್ತ. "ಕಮಿಷನ್ ದಂಡ ಆಗುತ್ತಮ್ಮಾ."

"ಆಗ್ಲಿ."

ಅದೂ ವಾಪಸು ಬಂತು. ಮತ್ತೆ ಕಳಿಸಿದಳು. ಈ ಸಲ ಹಣ ಬರಲಿಲ್ಲ, ಅಮರಯ್ಯನೇ ಬಂದು ಶೆಡ್ಡಿನ ಮುಂದೆ ನಿಂತ.

"ರೊಕ್ಕ ಕಳಸೂದು ನಿಲ್ಲಸು. ಮಂದಿ ನನ್ನ ನೋಡಿ ನಗಾಕತ್ತೈತಿ."

"ನೀ ಹಾಕ್ಸಿದ ನನ್ನ ತಿಥಿ ಊಟ ಉಂಡ ಮಂದಿ ಅಲ್ಲೇನು? ನಗ್ಲಿ ಬಿಡು."

"ಅವ್ವ ನನಗ ಹೇಳದಂಗ ಪೋಸ್ಟಿಗೆ ಹೋಗಿ ಹೆಬ್ಬಟ್ಟು ಒತ್ತಿ ರೊಕ್ಕ ತಂದಾಳ. ಹೊರಗ ಹಾಕೀನಿ. ಮಠದ ಜಗಲಿ ಮ್ಯಾಲೆ ಕುಂತಾಳ. ಇನ್ನ ಕಳಸೂದಿಲ್ಲಂತ ಆಣಿ ಮಾಡು, ಒಳಗ ಕರ್ಕೋತೀನಿ."

ಇಷ್ಟು ದೂರ ಹೋದೀತೆಂದು ಸೂಗಮ್ಮ ಎಣಿಸಿರಲಿಲ್ಲ. ಆದರೂ ಅಣ್ಣನ ಮುಂದೆ ಸೋಲಲು ಮನಸ್ಸು ಒಪ್ಪಲಿಲ್ಲ.

"ನಿನ್ನ ಮನಿ ಯಾರಿಗೆ ಬೇಕಾಗೈತೋ?" ಎಂದು ಶೆಡ್ಡಿಗೆ ಕೀಲಿ ಹಾಕಿ ಹೊರಟಳು. ಒಂದೇ ಬಸ್ಸಿನಲ್ಲಿ ಇಬ್ಬರೂ ಊರ ತನಕ ಹೋದರು, ಅವಳು ಮುಂದಿನ ಸೀಟಿನಲ್ಲಿ, ಅವನು ಕೊನೆಯ ಸೀಟಿನಲ್ಲಿ.

ಜಗಲಿಯ ಮೇಲಿದ್ದ ಅವ್ವ ಮಗಳನ್ನು ಕಂಡು ಅಪ್ಪಿಕೊಳ್ಳಲಿಲ್ಲ. "ನಿಮ್ಮಿಬ್ಬರ ಜಿದ್ದಿಗೆ ನಾ ಬೀದಿಗೆ ಬಿದ್ದೆ. ಅಂವಗ ಮಾನ ದೊಡ್ಡದು, ನಿನಗ ಹಟ ದೊಡ್ಡದು. ನಾ ಯಾರಿಗೆ ಬೇಕಾಗೀನಿ?" ಎಂದಳು.

ಸೂಗಮ್ಮ ಅವಳ ಗಂಟು ಎತ್ತಿಕೊಂಡಳು.

ಸನತ್‌ನಗರಕ್ಕೆ ಬಂದ ಮೇಲೂ ಅವ್ವ ಮೆತ್ತಗಾಗಲಿಲ್ಲ. ನಲ್ಲಿಯ ನೀರು, ನೆರೆಯವರ ತೆಲುಗು, ಕಾರ್ಖಾನೆಯ ಹೊಗೆ, ಮಗ, ಮಗಳು ಎಲ್ಲವನ್ನೂ ಎಲ್ಲರನ್ನೂ ಬೈಯುತ್ತಲೇ ರೊಟ್ಟಿ ಬಡಿದಿಡುತ್ತಿದ್ದಳು. ಸೂಗಮ್ಮ ಎದುರಾಡದೆ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ನಡೆಯುತ್ತಿದ್ದಳು.